ಬ್ಯಾಟರಿಗೆ ಕಾವಲು

ಅನುಮಾನ ಒಂದು ರೋಗ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಈ ರೋಗಕ್ಕೆ ತಿಂಗಳು ತಿಂಗಳು ಸಂಬಳ ಕೊಟ್ಟು, ರೋಗ ಉಲ್ಬಣಿಸಿದಂತೆಲ್ಲ ಬಡ್ತಿಯನ್ನೂ ಕೊಡುವ ಜಾಗ ಒಂದಿದೆ, ಅದು ಬ್ಯಾಂಕು. ಸಹಿ ಸರಿಯಾಗಿದ್ದರೂ ಎರಡು ಸಲ ನೋಡುವವನೇ ಅಲ್ಲಿ ಒಳ್ಳೆಯ ಅಧಿಕಾರಿ. ನನಗಂತೂ ಈ ಗುಣ ನೌಕರಿಗೆ ಮೊದಲೇ ಅಂಟಿತ್ತು. ಬಳ್ಳಾರಿಯಲ್ಲಿ ನನ್ನನ್ನು ಸಾಕಿದ ಅಜ್ಜಿ, ಹಾಲಿನಾಕೆಯ ಚೊಂಬಿಗೆ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡದೆ ಹಾಲು ಹಾಕಿಸಿಕೊಂಡವಳಲ್ಲ. ಹನಿ ಜಾರಿದರೆ ಜಗಳ. ಜಾರದೆ ಗಟ್ಟಿಯಾಗಿ ನಿಂತರೆ, "ಇವತ್ತು ಯಾಕ ನೀರು ಹಾಕಿಲ್ಲ ಈಕಿ? ಏನೋ ಐತಿ" ಎಂದು ಮಧ್ಯಾಹ್ನದವರೆಗೂ ಚಿಂತೆ. ಆ ಮನೆಯಲ್ಲಿ ಮಾತು ಕಲಿತವನು ನಾನು.

ಎಪ್ಪತ್ತರ ದಶಕದಲ್ಲಿ ನನಗೆ ಎರ್ನಾಕುಲಂ ಶಾಖೆಗೆ ವರ್ಗವಾಯಿತು. ಪಾಲಾರಿವಟ್ಟಂನಲ್ಲಿ ಮನೆ. ನನ್ನ ಹೆಂಡತಿ ಇಂದುಮತಿ ಮೈಸೂರಿನವಳು. ಅವಳ ತಮ್ಮ ರಘು ತಿರುವನಂತಪುರದಲ್ಲಿ ರಾಕೆಟ್ ಹಾರಿಸುವವರ ಜೊತೆ ಕೆಲಸದಲ್ಲಿದ್ದ. ಮದುವೆಯಾದಾಗಿನಿಂದ ನಾವಿಬ್ಬರೂ ಕೂಡಿ ಪ್ರಯಾಣ ಮಾಡಿದ್ದು ವರ್ಗವಾದಾಗ ಮಾತ್ರ, ಅದೂ ಸಾಮಾನಿನ ಲಾರಿಯ ಹಿಂದೆ ಹಿಂದೆ. ಉಳಿದಂತೆ ಅವಳಿಗೆ ಹಬ್ಬ ಬಂದಾಗ ನನಗೆ ಲೆಕ್ಕ ತಪಾಸಣೆ ಬರುತ್ತಿತ್ತು. ಅವಳು ಹೋಗುವಳು, ನಾನು ಸ್ಟೇಷನ್ನಿಗೆ ಹೋಗಿ ಕೈಬೀಸಿ ಬರುವವನು. ಈ ಕೈಬೀಸುವ ಕೆಲಸ ಸಾಕೆನಿಸಿದ ಹೊತ್ತಿಗೆ ಬೇಕರಿಯೊಂದು ತನ್ನ ಹಳೆಯ ವ್ಯಾನು ಮಾರುವುದಿದೆ ಎಂದು ಗೊತ್ತಾಯಿತು. ಕೊಂಡೆ. ಒಳಗೆ ಮಂಚ, ಒಲೆ, ನೀರಿನ ಪೀಪಾಯಿ ಇಟ್ಟರೆ ಚಲಿಸುವ ಮನೆಯೇ ಆಗುತ್ತದೆ. ಹೋಟೆಲಿನವನನ್ನೂ ರೈಲಿನವನನ್ನೂ ನಂಬಬೇಕಾಗಿಲ್ಲ ಎಂಬುದು ನನ್ನ ಯೋಜನೆ.

ಇಂದುಮತಿ ಒಳಹೊಕ್ಕು, ಬನ್ನಿನ ವಾಸನೆ ಮೂಸಿ, ಸೆರಗಿನಿಂದ ಕತ್ತು ಒರೆಸಿಕೊಂಡು ಹೊರಬಂದಳು. "ಇದು ಮನೆಯಲ್ಲ ರೀ, ಒಲೆ. ಇದರಲ್ಲಿ ಬೆಂದದ್ದು ಇನ್ನೂ ಸಾಲದೂಂತ ಈಗ ನಮ್ಮನ್ನ ಇಡ್ತೀರಾ?"

ಮೇ ತಿಂಗಳಲ್ಲಿ ರಘುವಿನ ಮಗುವಿಗೆ ನಾಮಕರಣ. ಅದಕ್ಕೆ ವ್ಯಾನಿನಲ್ಲೇ ಹೋಗೋಣ ಎಂದೆ. ಅವಳು ಯೋಚಿಸಿ ಒಂದು ಷರತ್ತು ಹಾಕಿದಳು. ಊಟವಾದ ಮೇಲೆ ಇದರಲ್ಲಿ ಮಲಗಿದರೆ ತನಗೆ ನಿದ್ದೆ ಬರಬೇಕು. ಬಂದರೆ ವ್ಯಾನು, ಇಲ್ಲದಿದ್ದರೆ ಅವಳು ರೈಲಿನಲ್ಲಿ, ನಾನು ಬನ್ನು ಗಾಡಿಯಲ್ಲಿ.

ತಂಪು ಮಾಡುವುದು ಬಳ್ಳಾರಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಎರಚುವುದು. ಬೆಂಕಿಯಂಥ ಗಾಳಿ ಒಳಬರುವಷ್ಟರಲ್ಲಿ ಮಲ್ಲಿಗೆ ತೋಟದಿಂದ ಬಂದಂತಿರುತ್ತದೆ. ವ್ಯಾನಿನ ಕಿಟಕಿಗಳಿಗೂ ತಟ್ಟಿ ಕಟ್ಟಿ, ನೀರು ಎರಚಿ, ಒಳಗೆ ಕೂತೆ. ತಂಪು ಬರಲಿಲ್ಲ. ಇನ್ನಷ್ಟು ಎರಚಿದೆ. ಬೆವರು ಬಂತು. ವಾರದಲ್ಲಿ ತಟ್ಟಿಯ ಮೇಲೆ ಬೂಷ್ಟು ಬೆಳೆದು, ಬನ್ನಿನ ವಾಸನೆ ಹೋಗಿ ಹಳಸಿದ ಬನ್ನಿನ ವಾಸನೆ ಬಂತು. ಲಾವಂಚ ಮಾರಿದವನು ಅದರಲ್ಲಿ ಯಾವುದೋ ಹುಲ್ಲಿನ ಬೇರು ಬೆರೆಸಿದ್ದಾನೆ ಎಂಬುದರಲ್ಲಿ ನನಗೆ ಸಂದೇಹವೇ ಇರಲಿಲ್ಲ.

ಒಂದು ಭಾನುವಾರ ಬಂದ ರಘು ತಟ್ಟಿಯನ್ನು ನೋಡಿ ಬಹಳ ಹೊತ್ತು ನಕ್ಕ. "ಭಾವ, ನಿಮ್ಮ ಬಳ್ಳಾರಿ ಗಾಳಿಗೆ ಬಾಯಾರಿಕೆ ಇರುತ್ತೆ. ನೀರು ಕಂಡ್ರೆ ಕುಡಿಯುತ್ತೆ, ಕುಡಿದು ತಣ್ಣಗಾಗುತ್ತೆ. ಕೊಚ್ಚಿ ಗಾಳಿ ಆಗಲೇ ಹೊಟ್ಟೆ ತುಂಬಾ ಕುಡಿದು ಬಂದಿರುತ್ತೆ. ಅದಕ್ಕೆ ಮತ್ತೆ ನೀರು ತೋರಿಸಿದ್ರೆ ಏನು ಮಾಡುತ್ತೆ?" ಆಮೇಲೆ ಅವನೇ ಉಪಾಯ ಹೇಳಿದ. ಛಾವಣಿಯ ಒಳಗೆ ತೆಂಗಿನ ನಾರಿನ ಹಾಸು, ಹೊರಗೆಲ್ಲ ಬಿಳಿ ಬಣ್ಣ, ಬಸ್ಸಿನ ಡ್ರೈವರ್ ಮುಂದೆ ತಿರುಗುವಂಥ ಪುಟ್ಟ ಫ್ಯಾನು, ಅದಕ್ಕೆಂದೇ ಬೇರೊಂದು ಬ್ಯಾಟರಿ. ಗಾಡಿ ಓಡುವಾಗ ಎರಡು ಬ್ಯಾಟರಿಯೂ ತುಂಬುತ್ತವೆ; ನಿಂತಾಗ ಫ್ಯಾನು ತನ್ನದರಿಂದ ಮಾತ್ರ ತೆಗೆದುಕೊಳ್ಳುತ್ತದೆ. ಚಾಲ್ತಿ ಖಾತೆ ಬೇರೆ, ಉಳಿತಾಯ ಖಾತೆ ಬೇರೆ. ಇದು ನನಗೆ ಕೂಡಲೇ ಅರ್ಥವಾಯಿತು.

ಎಲ್ಲ ಮಾಡಿ ಮುಗಿಸಿ, ಎಡಪ್ಪಳ್ಳಿಯವರೆಗೆ ಒಮ್ಮೆ ಓಡಿಸಿ ಬಂದು, ಊಟದ ನಂತರ ಇಂದುಮತಿಯನ್ನು ಮಲಗಿಸಿ ಫ್ಯಾನು ಹಾಕಿದೆ. ಅವಳ ರೆಪ್ಪೆ ಮುಚ್ಚುವ ಮೊದಲೇ ಫ್ಯಾನು ನಿಂತುಹೋಯಿತು. ಅಷ್ಟು ಪುಟ್ಟ ಓಡಾಟಕ್ಕೆ ಬ್ಯಾಟರಿ ತುಂಬುವುದಿಲ್ಲ ಎಂದು ಇವತ್ತು ಯಾರು ಬೇಕಾದರೂ ಹೇಳಬಹುದು. ನನಗೆ ಅಂದು ಹೊಳೆದದ್ದು ಒಂದೇ: ಯಾರೋ ಕರೆಂಟು ಕದಿಯುತ್ತಿದ್ದಾರೆ.

ಯಾರು ಎಂಬುದೂ ಹೊಳೆಯಿತು. ಮನೆಯ ಮಾಲೀಕರಾದ ಕುರುಪ್, ನಿವೃತ್ತ ಮೇಷ್ಟರು, ದಿನಾ ಬೆಳಿಗ್ಗೆ ಮುಂಡು ಎತ್ತಿ ಕಟ್ಟಿಕೊಂಡು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪರದೆ ಸರಿಸಿ ಇಣುಕಿ, ನನ್ನನ್ನು ಕಂಡರೆ ಥಟ್ಟನೆ ಬಾಳೆಗಿಡ ನೋಡುತ್ತಿದ್ದರು. ಅವರ ಮನೆಯ ರೇಡಿಯೋ ಇತ್ತೀಚೆಗೆ ಜೋರಾಗಿ ಹಾಡುತ್ತಿದೆ ಎಂದೂ ನನಗೆ ಅನಿಸಿತು. ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು ತುಂಬಿಸಿ ತಂದು, ಅದಕ್ಕೆ ಕಾರಿನ ಹಿಂಬದಿಯ ಕೆಂಪು ದೀಪವೊಂದನ್ನು ಜೋಡಿಸಿದೆ. ದೀಪ ಸದಾ ಉರಿಯುತ್ತಿರುತ್ತದೆ. ಯಾರಾದರೂ ಕರೆಂಟು ಎಳೆದರೆ ಮಂಕಾಗುತ್ತದೆ. ನಾನು ಓಡಿಹೋಗಿ ಹಿಡಿಯುತ್ತೇನೆ.

ದೀಪ ನಿಜಕ್ಕೂ ಮಂಕಾಯಿತು. ಓಡಿಹೋದೆ, ಯಾರೂ ಇಲ್ಲ. ಕಳ್ಳ ಚುರುಕು ಎಂದುಕೊಂಡು ಮತ್ತೆ ತುಂಬಿಸಿ, ಕೂತಲ್ಲೇ ಕಾಣಲೆಂದು ಜಗಲಿಗೂ ತಂತಿ ಎಳೆದು ಎರಡನೆಯ ದೀಪ ಹಾಕಿದೆ. ಬ್ಯಾಟರಿ ಇನ್ನೂ ಬೇಗ ಖಾಲಿಯಾಯಿತು. ಕಳ್ಳನಿಗೆ ಸವಾಲು ಹಾಕಿದ ಹಾಗಾಯಿತು ನೋಡಿ ಎಂದೆ. ಇಂದುಮತಿ ಏನೂ ಹೇಳದೆ ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಅವಳು ಸುಮ್ಮನಿದ್ದದ್ದೂ ನನಗೆ ಸರಿಕಾಣಲಿಲ್ಲ. ಕಳವಾದರೆ ಲಾಭ ಯಾರಿಗೆ ಎಂದು ನಮ್ಮ ಬ್ಯಾಂಕಿನಲ್ಲಿ ಮೊದಲು ಕೇಳುತ್ತಾರೆ; ವ್ಯಾನಿನ ಪ್ರಯಾಣ ತಪ್ಪಿದರೆ ಲಾಭ ಅವಳಿಗೇ.

ಕೊನೆಗೆ ಬ್ಯಾಂಕಿನ ಪದ್ಧತಿಯನ್ನೇ ತಂದೆ. ನಮ್ಮ ತಿಜೋರಿಗೆ ಎರಡು ಬೀಗ, ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಇಬ್ಬರೂ ಕೂಡಿ ಬಾರದೆ ತೆರೆಯುವಂತಿಲ್ಲ. ಬ್ಯಾಟರಿಯನ್ನು ಮತ್ತೆ ತುಂಬಿಸಿ ತಂದು, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಎರಡು ಬೀಗ ಹಾಕಿ, ಒಂದು ಕೀಲಿ ನಾನು ಜನಿವಾರಕ್ಕೆ ಕಟ್ಟಿಕೊಂಡೆ, ಇನ್ನೊಂದನ್ನು ಅವಳಿಗೆ ಕೊಟ್ಟೆ. ಪೆಟ್ಟಿಗೆಯ ಒಳಗೂ ಒಂದು ದೀಪ ಇಟ್ಟು, ನೋಡಲು ತೂತು ಕೊರೆದೆ.

ಆ ವಾರವೇ ಕುರುಪ್ ಮೇಷ್ಟರು ಧೈರ್ಯ ಮಾಡಿ ಜಗಲಿಗೆ ಬಂದರು. "ಸಾರೇ," ಎಂದು ದನಿ ತಗ್ಗಿಸಿ, ಶಾಲೆಯ ಇಂಗ್ಲಿಷಿಗೆ ಮಲಯಾಳ ಬೆರೆಸಿ ಕೇಳಿದ್ದರ ಸಾರ ಇಷ್ಟು: ಡಾಕ್ಟರು ಯಾವಾಗ ಬರುತ್ತಾರೆ? ಯಾವ ಡಾಕ್ಟರು ಎಂದೆ. ಅವರು ಬಿಳಿಯ ವ್ಯಾನು, ಒಳಗಿನ ಮಂಚ, ಪರದೆ, ಕೆಂಪು ದೀಪ ಎಲ್ಲವನ್ನೂ ಒಂದೊಂದಾಗಿ ಕೈಯಿಂದಲೇ ತೋರಿಸಿದರು. ಇದು ಕುಟುಂಬ ಯೋಜನೆಯ ಆಪರೇಷನ್ ಗಾಡಿ ಎಂದು ಬೀದಿಯಲ್ಲೆಲ್ಲ ಸುದ್ದಿಯಾಗಿ, ಗಂಡಸರು ಹಿಂದಿನ ಓಣಿಯಿಂದ ಓಡಾಡುತ್ತಿದ್ದರಂತೆ. "ಎನಿಕ್ಕು ಅರುಪತು ಕಳಿಞ್ಞು, ಸಾರೇ," ಎಂದರು. ತಮಗೆ ಅರವತ್ತು ದಾಟಿದೆ, ತಮ್ಮನ್ನು ಬಿಟ್ಟುಬಿಡಬೇಕು ಎಂದು. ಇಷ್ಟು ದಿನ ನಾನು ಕಳ್ಳನೆಂದು ನೋಡುತ್ತಿದ್ದ ಮನುಷ್ಯ ನನ್ನನ್ನು ಯಮದೂತನೆಂದು ನೋಡುತ್ತಿದ್ದರು. ಅವರ ಹೆಸರನ್ನು ಮನಸ್ಸಿನಲ್ಲೇ ಹೊಡೆದುಹಾಕಿದೆ.

ಉಳಿದದ್ದು ಒಂದೇ ಹೆಸರು. ಹೊರಡುವ ಹಿಂದಿನ ದಿನ ಇಬ್ಬರೂ ಕೀಲಿ ಹಾಕಿ ಪೆಟ್ಟಿಗೆ ತೆರೆದೆವು. ಫ್ಯಾನು ಎರಡು ಸುತ್ತು ತಿರುಗಿ ಸುಮ್ಮನಾಯಿತು. ನಾನು ಗಂಭೀರವಾಗಿ ಹೇಳಿದೆ: "ಎರಡು ಬೀಗದ ಒಳಗಿಂದ ಹೋಗಿದೆ ಅಂದರ, ನಿಯಮದ ಪ್ರಕಾರ ಇಬ್ಬರೂ ಕೂಡೇ ತೆಗೆದಿರಬೇಕು."

"ನಾನು ತೆಗೆದಿಲ್ಲ," ಎಂದಳು. "ನೀವು?"

"ನಾನೂ ಇಲ್ಲ."

ಅವಳು ಪೆಟ್ಟಿಗೆಯ ದೀಪ ನೋಡಿದಳು, ವ್ಯಾನಿನ ದೀಪ ನೋಡಿದಳು, ಜಗಲಿಯ ದೀಪದತ್ತ ಕತ್ತು ತಿರುಗಿಸಿದಳು. ಮೂರೂ ಸಾಯುವವರ ಕಣ್ಣಿನಂತೆ ಮಿಣುಕುತ್ತಿದ್ದವು. "ಅಲ್ಲಾ ರೀ, ಹಗಲೂ ರಾತ್ರಿ ಕಾವಲಿಗೆ ನಿಲ್ಲಿಸಿದ್ದೀರಲ್ಲ, ಈ ಮೂವರಿಗೆ ಊಟ ಎಲ್ಲಿಂದ ಹಾಕ್ತಿದೀರಿ?"

ಕಳ್ಳ ಬಂದೇ ಇರಲಿಲ್ಲ. ಕಾವಲುಗಾರರೇ ಕಣಜ ಬರಿದು ಮಾಡಿದ್ದರು. ದೀಪಗಳನ್ನು ಕಿತ್ತು, ಬ್ಯಾಟರಿಯನ್ನು ಹೊತ್ತುಕೊಂಡು ಅಂಗಡಿಗೆ ಹೋದರೆ ಅಂದು ಊರೇ ಬಂದ್. ಯಾಕೆಂದು ಕೇಳಿದೆ, ಅಂಗಡಿಯ ಮೆಟ್ಟಿಲ ಮೇಲೆ ಕೂತವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಖಾಲಿ ಬ್ಯಾಟರಿಯನ್ನು ಮತ್ತೆ ಹೊತ್ತು ತಂದೆ. ಇನ್ನು ಅವಳು ರೈಲಿನಲ್ಲಿ, ನಾನು ಅವಳಿಗೆ ಕೈಬೀಸಿ ಬನ್ನು ಗಾಡಿಯಲ್ಲಿ ಎಂದು ತೀರ್ಮಾನವಾಯಿತು.

ಬೆಳಿಗ್ಗೆ ನೋಡಿದರೆ ಇಂದುಮತಿ ತನ್ನ ಟ್ರಂಕು, ಮಗುವಿನ ಬೆಳ್ಳಿ ಉಡಿದಾರ, ಮೊಸರನ್ನದ ಡಬ್ಬಿಗಳೊಂದಿಗೆ ವ್ಯಾನಿನ ಮಂಚದ ಮೇಲೆ ಕೂತಿದ್ದಾಳೆ. ಕೈಯಲ್ಲಿ ಒಂದು ತಾಳೆಗರಿಯ ಬೀಸಣಿಗೆ. ಪರೀಕ್ಷೆ ಆಗಿಲ್ಲವಲ್ಲ, ನಿದ್ದೆ ಬಂದಿಲ್ಲವಲ್ಲ ಎಂದೆ. ಇಷ್ಟು ಸುಲಭವಾಗಿ ಒಪ್ಪಿದ್ದೇಕೆ ಎಂದೂ ಕೇಳಿದೆ.

"ನೀವೊಬ್ಬರೇ ಹೋದ್ರೆ," ಎಂದಳು, "ದಾರೀಲಿ ಯಾರ ಮೇಲೆ ಅನುಮಾನ ಪಡ್ತೀರಿ ಪಾಪ?"

ಹೊರಟೆವು. ಆಲಪ್ಪುಳ ದಾಟಿದರೂ ಹಿಂದಿನಿಂದ ಬೀಸಣಿಗೆಯ ಸಪ್ಪಳ, ನಡುನಡುವೆ ನನ್ನ ಕತ್ತಿಗೂ ಒಂದೆರಡು ಬೀಸು. ಗಾಡಿ ಓಡಿದಂತೆಲ್ಲ ಬ್ಯಾಟರಿ ತುಂಬಿ, ಕಾಯಂಕುಳಂ ಹತ್ತಿರ ಫ್ಯಾನು ತಾನಾಗಿಯೇ ಜೀವ ಹಿಡಿಯಿತು. ಮೊಸರನ್ನ ಮುಗಿಸಿ ಕೊಲ್ಲಂ ದಾಟುವಾಗ ಬೀಸಣಿಗೆಯ ಸಪ್ಪಳ ನಿಂತಿತ್ತು. ಕನ್ನಡಿಯಲ್ಲಿ ನೋಡಿದೆ. ಇಂದುಮತಿ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮುಂಗುರುಳು ಗಾಳಿಗೆ ಹಾರುತ್ತಿತ್ತು. ಗೆದ್ದೆ ಎನ್ನಬೇಕಿತ್ತು. ಆದರೆ ಅದು ನಿಜವಾದ ನಿದ್ದೆಯೋ, ನನ್ನ ಸಮಾಧಾನಕ್ಕೆಂದು ಮುಚ್ಚಿದ ಕಣ್ಣೋ? ತಿರುವನಂತಪುರ ಬರುವವರೆಗೂ ರಸ್ತೆಗಿಂತ ಹೆಚ್ಚು ಕನ್ನಡಿಯನ್ನೇ ನೋಡುತ್ತ ಗಾಡಿ ಹೊಡೆದೆ.