ಪೋರ್ತುಗೀಸರ ಕಲ್ಲಿಗೆ ಹೇಳಿಕೊಂಡ ಹರಕೆ

ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ಕಡಲಿನ ಹೆದರಿಕೆಯೇ ಇರುವುದಿಲ್ಲ ಎಂದು ಘಟ್ಟದ ಮೇಲಿನವರು ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸಲು ನಾನು ಹೋಗಿಲ್ಲ. ಹೊಳನಗದ್ದೆಯ ನಮ್ಮ ಮನೆಗೆ ಅಲೆಯ ಸದ್ದು ಕೇಳುತ್ತದೆ. ಇದಿಲ್ಲದಿದ್ದರೆ ನನಗೆ ನಿದ್ದೆಯೇ ಹತ್ತುವುದಿಲ್ಲ ಎಂದು ಬಂದ ನೆಂಟರೆದುರು ಜಂಬ ಕೊಚ್ಚುತ್ತೇನೆ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಮೀನು ತಿನ್ನುತ್ತೇನೆ, ಅದು ಬೇರೆ ವಿಷಯ.

ಇಂಥ ನನ್ನನ್ನು ದೋಣಿ ಹತ್ತಿಸಿದ್ದು ನನ್ನದೇ ನಾಲಿಗೆ. ಹೆಂಡತಿ ಸುಮತಿಯ ತಾಯಿ, ಅಂದರೆ ಶಿರಾಲಿಯ ನನ್ನ ಅತ್ತೆ, ಮಾವ ತೀರಿಕೊಂಡ ಮೇಲೆ ಎಲ್ಲಿಗೂ ಹೊರಡದೆ ಮಂಕಾಗಿಬಿಟ್ಟಿದ್ದರು. ಹೇಗೋ ಒತ್ತಾಯ ಮಾಡಿ ನಮ್ಮಲ್ಲಿಗೆ ಕರೆತಂದಿದ್ದೆವು. ಅವರ ಮನಸ್ಸು ತಿರುಗಲೆಂದು ನಾನು ಇತಿಹಾಸ ಬಿಚ್ಚಿದೆ. ಹೊನ್ನಾವರದ ಆಚೆ ಒಂದು ನಡುಗಡ್ಡೆ ಇದೆ, ಪೋರ್ತುಗೀಸರು ಮೊದಮೊದಲು ಬಂದಾಗ ನೆಟ್ಟದ್ದೆನ್ನುವ ಕಲ್ಲುಕಂಬ ಅಲ್ಲಿದೆ ಎಂದೆ. “ನೋಡ್ಬೇಕಿತ್ತು” ಎಂದರು ಅತ್ತೆ. ಎಷ್ಟೋ ತಿಂಗಳ ನಂತರ ಅವರು ಬೇಕು ಎಂದ ಮೊದಲ ವಸ್ತು ಅದು. ಬೇಡ ಎನ್ನುವುದು ಹೇಗೆ?

ಹೋಗುವಾಗ ಕಡಲು ಸುಮ್ಮನಿತ್ತು. ಕಲ್ಲು ನನ್ನ ಎತ್ತರಕ್ಕಿತ್ತು, ಮೇಲೊಂದು ಸವೆದ ಶಿಲುಬೆ. ನಾನು ಭಾಷಣ ಶುರು ಮಾಡುವಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದಾಗಿತ್ತು.

“ಅತ್ತೆ, ಇದು ದೇವರಲ್ಲ. ನಾವು ಬಂದು ಮುಟ್ಟಿದೆವು ಅಂತ ಅವರು ನೆಟ್ಟ ಗುರುತು.”

“ಅಷ್ಟ್ ದೂರದಿಂದ ಜೀವ ಹಿಡ್ಕಂಡು ಬಂದ್ ಮುಟ್ಟಿದವ್ರು ನೆಟ್ಟದ್ದಲ್ವ? ಹಂಗಾರೆ ಹರಕೆ ಕಲ್ಲೇಯ” ಎಂದವರೇ, ನಮ್ಮನ್ನು ಸುಖವಾಗಿ ದಡ ಮುಟ್ಟಿಸಿದರೆ ಒಂದು ಕಾಯಿ ಒಡೆಯುತ್ತೇನೆಂದು ಕೊಂಕಣಿಯಲ್ಲಿ ಹೇಳಿಕೊಂಡರು. ಕೊಂಕಣಿ ಯಾಕೆ ಎಂದು ಕೇಳಿದೆ. “ಗೋವೆಲಿ ಇದ್ದವ್ರಲ್ವ ಅಳಿಯಾ? ಕನ್ನಡ ಎಲ್ಲಿ ತಿಳೀತದೆ?” ಎಂದರು. ಸುಮತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹಿಂದಿರುಗುವಾಗ ಗಾಳಿ ಎದ್ದಿತು. ದೋಣಿ ಒಮ್ಮೆ ಆಕಾಶ ತೋರಿಸಿ, ಇನ್ನೊಮ್ಮೆ ಪಾತಾಳ ತೋರಿಸತೊಡಗಿತು. “ಎಂತ ಆಗೂದಿಲ್ಲ ಮಾರಾಯ್ರೆ, ಹೊಳೆ ಕಡಲಿಗೆ ಸೇರೂ ಅಳಿವೆ ಹತ್ರ ಯಾವಾಗ್ಲೂ ಹಿಂಗೇಯ” ಎಂದ ದೋಣಿಯವ. ಅತ್ತೆ ಶೇಂಗಾ ಸುಲಿಯುತ್ತಿದ್ದರು. ನಾನು ಕಣ್ಣು ಮುಚ್ಚಿ, ಯಾರಿಗೂ ಕೇಳದಂತೆ ಅದೇ ಕಲ್ಲಿಗೆ ಮೊರೆಹೋದೆ. ಹೆದರಿದಾಗ ಮನುಷ್ಯನಿಗೆ ಕಲಿತ ಕಸುಬೇ ನೆನಪಾಗುವುದು. ಕುಮಟೆಯಲ್ಲಿ ಜಮೀನಿನ ದಸ್ತಾವೇಜು ಬರೆಯುವುದು ನನ್ನ ಹೊಟ್ಟೆಪಾಡು. ಹರಕೆಯೂ ಹಾಗೆಯೇ ಬಂತು: “ನಾಲ್ಕೂ ದಿಕ್ಕಿಗೆ ಸಮುದ್ರವೇ ಚಕ್ಕುಬಂದಿಯಾಗಿರುವ ನಡುಗಡ್ಡೆಯ ಸದರಿ ಕಲ್ಲೇ, ನಮ್ಮನ್ನು ದಡ ಮುಟ್ಟಿಸಿದಲ್ಲಿ, ನಾನು ಅಥವಾ ನನ್ನ ವಾರಸುದಾರರು ನಿನ್ನೆದುರು ಖುದ್ದು ಹಾಜರಾಗಿ, ಯಾವುದೇ ತಂಟೆ ತಕರಾರಿಲ್ಲದೆ ಐದು ಕಾಯಿ ಒಡೆಯತಕ್ಕದ್ದು.”

ದಡ ಮುಟ್ಟಿದೆವು. ಅತ್ತೆ ಅಂಗಡಿಯಿಂದ ಕಾಯಿ ತಂದು, ಪಡುವಣಕ್ಕೆ ಮುಖ ಮಾಡಿ, ಬಂಡೆಗೆ ಒಡೆದು ಕೈ ಒರೆಸಿಕೊಂಡರು.

“ಅಲ್ಲಿಗೇ ಹೋಗಿ ಒಡೆಯಬೇಡವೇ?” ಎಂದು ಕೇಳಿದೆ.

“ಕಾಯಿ ಒಡೀತೆ ಅಂದಿದ್ದೆ. ಎಲ್ಲಿ ಅಂತ ಎಲ್ಲಿ ಹೇಳಿದ್ದೆ?”

ನಾನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಯಾರೂ ನುಣುಚಿಕೊಳ್ಳಬಾರದೆಂದು ಊರವರ ಪತ್ರಗಳಿಗೆಲ್ಲ ಬಿಗಿಯಾದ ಮಾತು ಸೇರಿಸಿ ಹೆಸರು ಮಾಡಿದವನು ನಾನು. ಬೇರೆ ದಾರಿಯಿಲ್ಲದೆ ನನ್ನ ಹರಕೆಯನ್ನು ಅಕ್ಷರ ಬಿಡದೆ ಒಪ್ಪಿಸಿದೆ.

“ವಾರಸುದಾರರು ಅಂದ್ರೆ ಯಾರು?” ಸುಮತಿಯ ದನಿ ಬಿಗಿಯಾಯಿತು.

“ಮೊದಲು ನೀನೇ.”

ಅತ್ತೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ, ಬಂಡೆ ಹಿಡಿದುಕೊಂಡು ನಕ್ಕರು. ಮಾವ ಹೋದ ಮೇಲೆ ಅವರು ಹೀಗೆ ನಕ್ಕದ್ದನ್ನು ನಾವು ನೋಡಿಯೇ ಇರಲಿಲ್ಲ. ನನ್ನ ಮಾನ ಹೋದರೂ ಅಡ್ಡಿಯಿಲ್ಲ ಎನಿಸುವಷ್ಟು ಸಂತೋಷವಾಯಿತು ನನಗೆ.

“ಆತು, ದೀಪಾವಳಿ ಕಳೀಲಿ. ನಾನೂ ಬತ್ತೆ” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. “ಆದ್ರೆ ಅಳಿಯಾ, ತಿರುಗಿ ಬರೂವಾಗ ನೀವು ಮನಸ್ಸಲ್ಲೂ ಎಂತದೂ ಹೇಳ್ಕಣೂದು ಬ್ಯಾಡ. ಸುಮ್ನೆ ಹೆದ್ರಕಂಡು ಕೂಕಣಿ, ಸಾಕು.”