ಹ್ಯಾಂಡಲ್ಲಿಗೊಂದು ಅಂಗಿ

ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಊರವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಮನುಷ್ಯ, ನಿವೃತ್ತನಾದ ಮಾರನೆಯ ದಿನದಿಂದ ಆ ಪ್ರಶ್ನೆಗಳನ್ನೆಲ್ಲ ಹೊತ್ತು ತಂದು ಹೆಂಡತಿಯ ಮುಂದೆ ಸುರಿದರೆ ಆಕೆಯ ಗತಿ ಏನಾಗಬೇಕು? ಹೊಲಿಗೆಯಮ್ಮನ ಗತಿ ಅದೇ ಆಗಿತ್ತು.

ಯಜಮಾನರು ಕೆಟ್ಟವರಲ್ಲ. ಕುಡಿತವಿಲ್ಲ, ಜೂಜಿಲ್ಲ, ಏರಿದ ದನಿಯಿಲ್ಲ. ಇರುವುದೊಂದೇ, ಕೇಳುವುದು. “ಈ ಟವಲ್ಲು ಒಣಗಿದೆ ಅಂತೀಯಾ?” “ಸಕ್ಕರೆ ಯಾವ ಡಬ್ಬೀಲಿದೆ?” “ಕಿಟಕಿ ತೆಗೀಲಾ, ಮುಚ್ಲಾ?” ಮುಚ್ಚಿ ಅಂದರೆ “ಪೂರ್ತಿನಾ, ಅರ್ಧನಾ?” ಹೊಲಿಗೆಯಮ್ಮನ ಕಾಲು ಮಿಷನ್ನಿನ ತುಳಿಹಲಗೆಯ ಮೇಲೆ, ಕಣ್ಣು ಸೂಜಿಯ ಮೇಲೆ, ಕಿವಿ ಮಾತ್ರ ಗಂಡನ ಸ್ವಾಧೀನ. ಹೋದ ವಾರ ಒಂದು ಪ್ರಶ್ನೆಗೆ ತಲೆಯೆತ್ತಿದ ಗಳಿಗೆಯಲ್ಲಿ ಗಿರಾಕಿಯೊಬ್ಬರ ಅಂಗಿಯ ತೋಳು ಬಾಯಿ ಮುಚ್ಚಿ ಹೊಲಿದುಹೋಗಿತ್ತು. ಪ್ರಶ್ನೆ ಏನಪ್ಪಾ ಅಂದರೆ, “ಇವತ್ತು ಬುಧವಾರಾನಾ?” (ಮಂಗಳವಾರ.)

ಇಂಥ ಹೊತ್ತಿನಲ್ಲಿ ಹೊಸದಾಗಿ ತೆರೆಯಲಿದ್ದ ವಸತಿಗೃಹವೊಂದರಿಂದ ನಲವತ್ತು ಪರದೆಗಳ ಕೆಲಸ ಬಂತು. ಮಂಗಳವಾರ ಬೆಳಿಗ್ಗೆಗೆ ಕೊಡಬೇಕು. ಹೊಲಿಗೆಯಮ್ಮ ಲೆಕ್ಕ ಹಾಕಿದಳು. ಗಂಡ ಮನೆಯಲ್ಲಿದ್ದರೆ ಹತ್ತು ದಿನ, ಇಲ್ಲದಿದ್ದರೆ ಮೂರು.

ದೇವರು ಆಕೆಯ ಲೆಕ್ಕವನ್ನು ಕದ್ದು ನೋಡಿದನೋ ಏನೋ, ಆ ಸಂಜೆಯೇ ನಾದಿನಿಯ ಗಂಡ ಬಂದರು. ಅವರು ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ನೋಡಿ ನೋಡಿ ಬೇಸತ್ತು ಈಚೆಗೆ ಕಾಡುದಾರಿ ನೋಡಲು ಶುರುಮಾಡಿದ್ದರು.

“ಭಾವ, ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟ್ರೆ ಸೋಮವಾರ ಸಂಜೆ ವಾಪಸ್ಸು. ಗುಡಾರ, ಹೊದಿಕೆ, ಬ್ರೆಡ್ಡು, ಎಲ್ಲ ಸೈಕಲ್ಲಿಗೇ ಕಟ್ಕೊಂಡು ಹೋಗೋದು. ಬೈಕ್‌ಪ್ಯಾಕಿಂಗ್ ಅಂತಾರೆ. ನಾನು, ಸೂಜಿ ಅಂಗಡಿಯವರು, ನೀವು. ಮೂರೇ ಜನ.”

ಸೂಜಿ ಅಂಗಡಿಯವರೆಂದರೆ ಪೇಟೆಯಲ್ಲಿ ಹೊಲಿಗೆ ಮಿಷನ್ನಿನ ಬಿಡಿಭಾಗ ಮಾರುವ ಏಕೈಕ ಮಹಾನುಭಾವರು.

“ರಾತ್ರಿ ಮಲಗೋದೆಲ್ಲಿ? ಪಂಕ್ಚರ್ ಆದ್ರೆ ಯಾರನ್ನ ಕೇಳೋದು?” ಎಂದ ಯಜಮಾನರು, ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿದರು. “ಏನೇ, ನಾನು ಹೋಗ್ಲಾ?”

“ಹೋಗಿ,” ಅಂದಳು ಹೊಲಿಗೆಯಮ್ಮ. ಪ್ರಶ್ನೆ ಇನ್ನೂ ಅವರ ಬಾಯಲ್ಲೇ ಇತ್ತು.

ಸೈಕಲ್ಲೇನೋ ಇತ್ತು, ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದು, ಗೇರಿನದು. ಹ್ಯಾಂಡಲ್ಲಿಗೆ ಕಟ್ಟುವ ಚೀಲ ಇರಲಿಲ್ಲ. ತಾನೇ ಹೊಲಿಯುತ್ತೇನೆ ಎಂದಳು ಹೊಲಿಗೆಯಮ್ಮ. ಗಂಡನ ಜೊತೆ ಬಂದಿದ್ದ ನಾದಿನಿ ಅಲ್ಲೇ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದಳು.

“ಯಾಕತ್ತಿಗೆ ಸುಮ್ನೆ ಕಷ್ಟ? ನಮ್ಮನೆಯವರದು ನೋಡಿ, ಅಂಗಡೀದು. ಒಂದು ಹೊಲಿಗೇನೂ ಕಾಣಲ್ಲ. ಮನೇಲಿ ಹೊಲಿದಿದ್ದು ತರಕಾರಿ ತರೋಕೆ ಸರಿ.”

“ನನ್ನ ಹೊಲಿಗೆ ಬಿಟ್ಟಿದ್ದನ್ನ ನೋಡಿದೋರು ಇನ್ನೂ ಹುಟ್ಟಿಲ್ಲ.”

“ಸರಿ ಹಾಗಾದ್ರೆ. ದಾರೀಲಿ ಬಿದ್ರೆ ಒಂದು ಫೋಟೋ ಕಳಿಸೋಕೆ ಹೇಳ್ತೀನಿ ಇವರಿಗೆ. ನೆಂಟರೆಲ್ಲ ನೋಡಿ ಖುಷಿಪಡ್ಲಿ.”

ನಾದಿನಿಯ ಫೋನಿನಲ್ಲಿ ಐವತ್ತಮೂರು ಜನ ನೆಂಟರ ಒಂದು ಕೂಟವಿತ್ತು. ಅದರಲ್ಲಿ ಒಮ್ಮೆ ಬಿದ್ದ ಮಾನ ಮೊಮ್ಮಕ್ಕಳ ಕಾಲಕ್ಕೂ ಏಳುವುದಿಲ್ಲ. ಹೊಲಿಗೆಯಮ್ಮನ ಪಾಲಿಗೆ ಅದು ಬರಿಯ ಚೀಲವಾಗಿ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆ ಮನೆಯಲ್ಲಿ ಹೊಸ ಕಾನೂನು ಸಾರಿದಳು. “ಶನಿವಾರದ ತನಕ ನನ್ನ ಏನೂ ಕೇಳಕೂಡದು. ಹೇಳಿದ್ದು ಮಾಡಿ. ತಿಳೀದಿದ್ರೆ ನಿಮಗೆ ತೋಚಿದ್ದು ಮಾಡಿ. ಬಾಯಿ ಮಾತ್ರ ತೆಗೀಬೇಡಿ.”

“ತಿಂಡಿಗೂ—” ಎಂದು ಶುರುಮಾಡಿದ ಯಜಮಾನರು ಆಕೆಯ ಎತ್ತಿದ ತೋರುಬೆರಳನ್ನು ನೋಡಿ ನುಂಗಿಕೊಂಡರು.

ಸೈಕಲ್ಲನ್ನು ನಡುಮನೆಗೆ ತಂದು, ಗಿರಾಕಿಯನ್ನು ನಿಲ್ಲಿಸುವಂತೆ ನಿಲ್ಲಿಸಿ, ಅಳತೆ ಪಟ್ಟಿ ತೆಗೆದಳು. ಭುಜದಿಂದ ಭುಜ, ಎದೆ, ಸೊಂಟ. (ಸೊಂಟದ ಅಳತೆಯಲ್ಲಿ ಹ್ಯಾಂಡಲ್ಲು ನಾದಿನಿಯನ್ನು ಸುಲಭವಾಗಿ ಸೋಲಿಸಿತು. ಇಲ್ಲಿಗೆ ಅದು ಸಂಬಂಧವಿಲ್ಲದ ಮಾತು, ಆದರೂ ಹೊಲಿಗೆಯಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡಳು.) ದಪ್ಪ ಬಟ್ಟೆಗೆ ಮೇಣದ ದಾರ, ಇಮ್ಮಡಿ ಹೊಲಿಗೆ, ಮೂಲೆಗೆ ತೊಗಲಿನ ತೇಪೆ. ಗುಡಾರವನ್ನೂ ಹೊದಿಕೆಯನ್ನೂ ಸುತ್ತಿ ತುರುಕಿದಾಗ ಚೀಲ ಉರುಳುದಿಂಬಿನಂತೆ ದುಂಡಗೆ, ಬಿಗಿಯಾಗಿ ನಿಂತಿತು. ಅದನ್ನು ಹ್ಯಾಂಡಲ್ಲಿಗೆ ಅಪ್ಪಿಸಿ ಎರಡು ಪಟ್ಟಿ ಎಳೆದಳು. ಸೈಕಲ್ಲು ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಆದರೂ ಮೂಗುತಿ ಚೆನ್ನಾಗಿತ್ತು.

ಕಣ್ಣಿಗೆ ಚುಚ್ಚಿದ್ದು ತಂತಿಗಳು. ಹ್ಯಾಂಡಲ್ಲಿನ ಎರಡು ತುದಿಯಿಂದ ಹೊರಟ ನಾಲ್ಕು ಕರಿಯ ತಂತಿಗಳು, ಎರಡು ಬ್ರೇಕಿನವು, ಎರಡು ಗೇರಿನವು, ಮುಂದಕ್ಕೆ ಬಿಲ್ಲಿನಂತೆ ಬಾಗಿ ಆಮೇಲೆ ಕೆಳಗಿಳಿಯುತ್ತಿದ್ದವು. ಚೀಲ ಅವುಗಳ ಮೇಲೆ ಕೂತಾಗ ಒಂದು ತಂತಿ ಕೆಳಗೆ ಸಿಕ್ಕಿ ಚಪ್ಪಟೆಯಾಯಿತು, ಉಳಿದ ಮೂರು ಪಕ್ಕದಿಂದ ಮೀಸೆಯಂತೆ ಇಣುಕಿದವು.

“ಥೂ, ಹೊಲಿದು ದಾರ ಕತ್ತರಿಸದೆ ಬಿಟ್ಟಿದಾರೆ,” ಅಂದಳು ಹೊಲಿಗೆಯಮ್ಮ.

ನಲವತ್ತು ವರ್ಷದ ಕಸುಬಿನಲ್ಲಿ ಒಂದು ಎಳೆ ದಾರ ನೇತಾಡಲು ಬಿಟ್ಟವಳಲ್ಲ ಆಕೆ. ಕತ್ತರಿಯತ್ತ ಕೈ ಹೋಯಿತು. ಯಜಮಾನರ ಮುಖ ಬಿಳಿಚಿತು. ಬಾಯಿ ತೆಗೆಯುವಂತಿಲ್ಲವಾದ್ದರಿಂದ ಅವರು ಎರಡೂ ಕೈಯಿಂದ ಬ್ರೇಕು ಹಿಡಿದು, ಕಣ್ಣು ಮುಚ್ಚಿ, ಬೀಳುವವರ ಅಭಿನಯ ಮಾಡಿದರು. ಹೊಲಿಗೆಯಮ್ಮನಿಗೆ ಅರ್ಥವಾಯಿತು.

“ಕತ್ತರಿಸಲ್ಲ ಬಿಡಿ. ಬಿಗಿಯಾಗಿ ಕಟ್ತೀನಿ. ಗೇಣುದ್ದದ್ದು ನಾಲ್ಕು ತುಂಡು ಬೇಕು, ಗಟ್ಟಿ ಇರ್ಬೇಕು. ಎಲ್ಲಿಂದ ಅಂತ ಕೇಳ್ಬೇಡಿ.”

ಯಜಮಾನರು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ನಾಲ್ಕು ತೊಗಲಿನ ತುಂಡು ತಂದರು, ಅಳೆದು ಕತ್ತರಿಸಿದ್ದು. ಎಲ್ಲಿಂದ ಎಂದು ಆಕೆಯೂ ಕೇಳಲಿಲ್ಲ. ನಾಲ್ಕು ತಂತಿಗಳನ್ನೂ ಹಿಂದಕ್ಕೆಳೆದು, ಹ್ಯಾಂಡಲ್ಲಿಗೆ ಒತ್ತಿ, ಹೆಣ್ಣುಮಗುವಿನ ಜಡೆಯಂತೆ ಬಿಗಿದು ಕಟ್ಟಿದಳು. ಒಂದು ಎಳೆಯೂ ಆಚೀಚೆ ಇಲ್ಲ.

ಗುರುವಾರ ಸಂಜೆ ಪರೀಕ್ಷೆ. ನೇರ ರಸ್ತೆಯಲ್ಲಿ ಯಜಮಾನರು ಮೆರವಣಿಗೆಯ ಗಾಂಭೀರ್ಯದಲ್ಲಿ ಹೋದರು. ಲಾಂಡ್ರಿಯ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದರು. ಆಗ ಎಳೆದು ಕಟ್ಟಿದ ತಂತಿ ಇನ್ನಷ್ಟು ಎಳೆದುಕೊಂಡು ಮುಂದಿನ ಬ್ರೇಕು ತಾನಾಗಿ ಹಿಡಿಯಿತು, ಹಿಂದಿನ ಗೇರು ತಾನಾಗಿ ಬದಲಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಯಜಮಾನರು ಮಾತ್ರ ಎರಡರ ನಡುವೆ ಮೇಲಕ್ಕೆ ಹೋಗಿ, ಒಗೆಯಲು ಬಂದಿದ್ದ ಹಾಸುಹೊದಿಕೆಗಳ ದೊಡ್ಡ ಗಂಟಿನ ಮೇಲೆ ಇಳಿದರು.

ಹೆಗಲ ಮೇಲೆ ಯಾರದೋ ದಿಂಬಿನ ಚೀಲ ಹೊತ್ತು, ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದವರನ್ನು ನೋಡಿ ಹೊಲಿಗೆಯಮ್ಮ, “ಅಯ್ಯೋ, ಏನಾಯ್ತು?” ಅಂದಳು.

“ಕೇಳೋ ಹಾಗಿಲ್ಲ ಅಂದಿದ್ಯಲ್ಲ,” ಅಂದರು ಯಜಮಾನರು.

ಶುಕ್ರವಾರ ಸಂಜೆ ಇಬ್ಬರೂ ಸೈಕಲ್ಲನ್ನು ನಡೆಸಿಕೊಂಡು ರಿಪೇರಿ ಅಂಗಡಿಗೆ ಹೋದರು. ರಿಪೇರಿಯವನು ಚೀಲದ ಮೇಲೆ ಬೆರಳಾಡಿಸಿದ, ಬಗ್ಗಿ ಹಿಂದೆ ನೋಡಿದ, ಎದ್ದು ಸೊಂಟದ ಮೇಲೆ ಕೈಯಿಟ್ಟ.

“ಅಮ್ಮಾ, ಹೊಲಿಗೆ ನೋಡಿದ್ರೆ ಕಣ್ಣಿಗೊತ್ಕೋಬೇಕು ಅನ್ಸುತ್ತೆ. ತಂತಿ ನೋಡಿದ್ರೆ ಕಣ್ಣೀರು ಬರುತ್ತೆ.”

ತೊಗಲಿನ ಗಂಟುಗಳನ್ನು ಕತ್ತರಿಸಿ ಕಸದ ಡಬ್ಬಕ್ಕೆ ಎಸೆದ. ತಂತಿಗಳು ನಿಟ್ಟುಸಿರು ಬಿಟ್ಟಂತೆ ಮುಂದಕ್ಕೆ ಬಾಗಿದವು.

“ಹ್ಯಾಂಡಲ್ಲು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿದ್ರೂ ತಂತಿ ಎಳೀಬಾರದು, ಮಡಚಬಾರದು. ಅದಕ್ಕೇ ಅಷ್ಟು ಸಡಿಲ ಬಿಟ್ಟಿರೋದು. ಚೀಲ ಹ್ಯಾಂಡಲ್ಲಿಗೆ ಅಂಟ್ಕೊಂಡು ಕೂರಬಾರದಮ್ಮ. ಎರಡು ಬೆರಳು ಮುಂದೆ ನಿಲ್ಬೇಕು, ತಂತಿ ಅದರ ಹಿಂದೆ ಆಡ್ಕೊಂಡಿರ್ಬೇಕು. ಮಧ್ಯೆ ಕೊಡೋಕೆ ಬಿಲ್ಲೆ ಬರುತ್ತೆ, ನನ್ನ ಹತ್ರ ಮುಗಿದಿದೆ. ಕೊನೇ ಜೊತೆ ಹಲ್ಲಿನ ಡಾಕ್ಟರು ತಗೊಂಡ್ರು.”

ಹೊಲಿಗೆಯಮ್ಮ ಸೈಕಲ್ಲನ್ನು ತಾನೇ ತಳ್ಳಿಕೊಂಡು ಮನೆಗೆ ಹೊರಟಳು. ಕಂಕುಳಲ್ಲಿ ಸಡಿಲ ಬಿಡದೆ ಅಂಗಿ ಹೊಲಿದರೆ ತೊಟ್ಟವನು ಕೈಯೆತ್ತಲಾರ ಎಂಬುದು ಕಸುಬು ಕಲಿಯುವವರಿಗೆ ಮೊದಲ ವಾರ ಹೇಳುವ ಪಾಠ. ಎಷ್ಟು ಜನರಿಗೆ ಆಕೆಯೇ ಹೇಳಿದ್ದಳು. ಕೈಕಾಲಿಲ್ಲದ ಗಿರಾಕಿ ಅಂದುಕೊಂಡದ್ದೇ ತಪ್ಪಾಯಿತು.

ಬಿಲ್ಲೆಯ ಉಪಾಯ ಹೊಳೆದದ್ದು ಶನಿವಾರ ಬೆಳಗಿನ ಜಾವ, ಹಾಲು ಕಾಯಿಸುವಾಗ. ಗುಂಡಿಗಳ ಡಬ್ಬದಲ್ಲಿ ಅತ್ತೆಯ ಕಾಲದ ನಾಲ್ಕು ಮರದ ದಾರದ ರೀಲುಗಳಿದ್ದವು, ಖಾಲಿ. ದಪ್ಪ ಸರಿಯಾಗಿ ಎರಡು ಬೆರಳು. ನಡುವೆ ತೂತು. ಅದರೊಳಗೆ ಗಟ್ಟಿಯಾದ ತೊಗಲಿನ ಹುರಿಯೊಂದನ್ನು ಪೋಣಿಸಿ ಚೀಲವನ್ನೂ ಹ್ಯಾಂಡಲ್ಲನ್ನೂ ಬಿಗಿದರೆ ಚೀಲ ಮುಂದೆ ನಿಲ್ಲುತ್ತದೆ, ತಂತಿಗಳು ರೀಲುಗಳ ಸಂದಿನಲ್ಲಿ ಹಾಯಾಗಿರುತ್ತವೆ. ಸಮಯ ಐದೂವರೆ. ಅಂಗಳದಲ್ಲಿ ಅರೆಗತ್ತಲು. ಆಕೆ ಮಂಡಿಯೂರಿ ಚೀಲ ಹಿಡಿದುಕೊಂಡು ಆಜ್ಞೆ ಮಾಡಿದಳು.

“ರೀ, ಮಿಷನ್ನಿನ ಹಳೇ ಬೆಲ್ಟು ಇದೆಯಲ್ಲ, ಸಲಕರಣೆ ಡಬ್ಬದಲ್ಲಿ, ತೊಗಲಿಂದು. ಅದನ್ನ ತನ್ನಿ.”

ಯಜಮಾನರು ಬಾಯಿ ತೆಗೆದರು.

ಹೊಲಿಗೆಯಮ್ಮ ತೋರುಬೆರಳೆತ್ತಿದಳು.

ಯಜಮಾನರು ಬಾಯಿ ಮುಚ್ಚಿದರು. ಒಂದು ಕ್ಷಣ ಆಕಾಶ ನೋಡಿದರು. ಒಳಗೆ ಹೋಗಿ ಬೆಲ್ಟು ತಂದುಕೊಟ್ಟರು.

“ನೋಡಿ, ಹಳೇದಾದ್ರೂ ಹೇಗಿದೆ,” ಎನ್ನುತ್ತ ಆಕೆ ಪೋಣಿಸಿದಳು. “ಈಗಿನ ಕಾಲದಲ್ಲಿ ಇಂಥ ತೊಗಲು ಎಲ್ಲಿ ಸಿಗ್ಬೇಕು?”

ಕೇಳಿದ್ದು ಆಕೆಯೇ ಆದರೂ, ಬಾಯಿ ತೆಗೆಯುವ ಅಪ್ಪಣೆ ಇರದ ಯಜಮಾನರು ಮುಂದಿನ ರೀಲು ಎತ್ತಿ ಕೊಟ್ಟರು.

ಆರಕ್ಕೆ ಡಾಕ್ಟರು, ಸೂಜಿ ಅಂಗಡಿಯವರು ಬಂದರು. ಹಿಂದೆಯೇ ನಾದಿನಿ, ಕೈಯಲ್ಲಿ ಟಾರ್ಚು. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ತಂತಿಗಳು ತೊಟ್ಟಿಲ ಮಗುವಿನ ಕೈಕಾಲಿನಂತೆ ಆಡಿದವು. ಬ್ರೇಕು ಒತ್ತಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಡಾಕ್ಟರು ಚೀಲವನ್ನು ಹಿಡಿದು, ಗಟ್ಟಿ ಹಲ್ಲನ್ನು ಅಲ್ಲಾಡಿಸುವಂತೆ ಅಲ್ಲಾಡಿಸಿ ಸೋತು ಕೈಬಿಟ್ಟರು. ನಾದಿನಿ ಟಾರ್ಚು ಹಿಡಿದು ಮೇಲೆ ಕೆಳಗೆ ಹುಡುಕಿ ಕೊನೆಗೆ “ಬಣ್ಣ ಸ್ವಲ್ಪ ಮಂಕಾಯ್ತು,” ಅಂದಳು. ಹೊಲಿಗೆಯಮ್ಮನಿಗೆ ಅದು ಪ್ರಶಸ್ತಿಪತ್ರ ಓದಿದಂತೆ ಕೇಳಿಸಿತು.

ಮೂರು ಸೈಕಲ್ಲುಗಳು ತಿರುವಿನಲ್ಲಿ ಮರೆಯಾದವು. ಹೊಲಿಗೆಯಮ್ಮ ಒಳಗೆ ಬಂದು ಬಾಗಿಲು ಹಾಕಿದಳು. ಎಂಥ ಮೌನ. ಕಿಟಕಿ ಅರ್ಧ ತೆರೆದಿತ್ತು, ಯಾರೂ ಅದರ ಬಗ್ಗೆ ಚಕಾರವೆತ್ತಲಿಲ್ಲ. ಮೊದಲ ಪರದೆಯನ್ನು ಸೂಜಿಯ ಕೆಳಗಿಟ್ಟು, ಮಹಾರಾಣಿಯಂತೆ ಕೂತು, ತುಳಿಹಲಗೆ ಒತ್ತಿದಳು.

ಕೆಳಗಿನ ಚಕ್ರ ಗರಗರ ತಿರುಗಿತು. ಮೇಲಿನದು ತಿರುಗಲಿಲ್ಲ.

ಬಗ್ಗಿ ನೋಡಿದಳು. ಎರಡು ಚಕ್ರಗಳ ನಡುವೆ ಇರಬೇಕಾದ ಬೆಲ್ಟು, ಹೋದ ತಿಂಗಳಷ್ಟೇ ಹಾಕಿಸಿದ ಹೊಸ ಬೆಲ್ಟು, ಇರಲಿಲ್ಲ. ಬಟ್ಟೆಯ ಪಟ್ಟಿ ಕಟ್ಟಿ ನೋಡಿದಳು, ಜಾರಿತು. ಹುರಿ ಕಟ್ಟಿದಳು, ನಾಲ್ಕು ಹೊಲಿಗೆಗೆ ತುಂಡಾಯಿತು. ಸೂಜಿ ಅಂಗಡಿಗೆ ಓಡಬೇಕೆಂದು ಚಪ್ಪಲಿಗೆ ಕಾಲಿಟ್ಟವಳಿಗೆ, ಅಂಗಡಿಯವರು ಈಗಷ್ಟೇ ತನ್ನೆದುರೇ ಸೈಕಲ್ಲು ಹತ್ತಿದ್ದು ನೆನಪಾಯಿತು. ಗಂಡ ಅಲ್ಲಿ ತುಳಿಯುತ್ತಿದ್ದಾರೆ, ಮುಂದೆ ಹೋಗುತ್ತಿದ್ದಾರೆ. ತಾನು ಇಲ್ಲಿ ತುಳಿಯುತ್ತಿದ್ದೇನೆ, ಇದ್ದಲ್ಲೇ ಇದ್ದೇನೆ. ಫೋನು ಮಾಡಿದಳು.

“ಸೇತುವೆ ದಾಟಿದ್ವಿ ಕಣೇ. ಚೀಲ ಅಲ್ಲಾಡಿಲ್ಲ. ಡಾಕ್ಟರದ್ದು ಎರಡು ಸಲ ಜಾರ್ತು,” ಅಂದರು ಯಜಮಾನರು. ಅವರ ದನಿಯಲ್ಲಿ ಅಷ್ಟು ಗೆಲುವನ್ನು ಆಕೆ ಎಂದೂ ಕೇಳಿರಲಿಲ್ಲ.

“ರೀ, ನಾನು ಹೇಳಿದ್ದು ಡಬ್ಬದಲ್ಲಿರೋ ಬೆಲ್ಟು.”

“ಅದನ್ನೇ ತಾನೇ ಗುರುವಾರ ನಾಲ್ಕು ತುಂಡು ಮಾಡಿ ಕೊಟ್ಟಿದ್ದು. ಬೆಳಿಗ್ಗೆ ಹೇಳೋಣ ಅಂತ ಬಾಯಿ ತೆಗೆದೆ. ನೀನು ಬೆರಳು ತೋರಿಸ್ದೆ. ತೋಚಿದ್ದು ಮಾಡಿ ಅಂದಿದ್ಯಲ್ಲ, ಮಿಷನ್ನಿಂದು ಬಿಚ್ಚಿ ತಂದೆ.” ಆಮೇಲೆ ಮೂರು ದಿನದಿಂದ ಕಟ್ಟಿಟ್ಟಿದ್ದ ಪ್ರಶ್ನೆ ಮೆಲ್ಲಗೆ ಹೊರಬಂತು. “ನಾನು ವಾಪಸ್ ಬರ್ಲಾ?”

ವಾಪಸ್ ಬಂದರೆ ಪರದೆ ಉಳಿಯುತ್ತದೆ, ಚೀಲ ಹೋಗುತ್ತದೆ. ಹೊಲಿಗೆಯಮ್ಮನ ಕಣ್ಣ ಮುಂದೆ ಐವತ್ತಮೂರು ಜನ ನೆಂಟರು ಸಾಲಾಗಿ ನಿಂತು ನಕ್ಕರು.

“ಬೇಡ. ಹೋಗಿ,” ಅಂದಳು.

ಒಂಬತ್ತು ಗಂಟೆಗೆ ನಾದಿನಿ ಬಂದಳು. ಒಬ್ಬಳೇ ಮನೆಯಲ್ಲಿ ಬೇಜಾರಂತೆ. ಮೇಲಿನ ಚಕ್ರವನ್ನು ಒಂದು ಕೈಯಲ್ಲಿ ತಿರುಗಿಸುತ್ತ, ಇನ್ನೊಂದರಲ್ಲಿ ಬಟ್ಟೆ ಹಿಡಿದು ಒದ್ದಾಡುತ್ತಿದ್ದ ಅತ್ತಿಗೆಯನ್ನು ನೋಡಿ, ವಿಷಯ ತಿಳಿದು, ಕುರ್ಚಿ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಅದೇ ಕುರ್ಚಿಯನ್ನು ಮಿಷನ್ನಿನ ಪಕ್ಕಕ್ಕೆಳೆದಳು. “ನೀವು ಬಟ್ಟೆ ಹಿಡೀರಿ ಅತ್ತಿಗೆ, ಚಕ್ರ ನಾನು ತಿರುಗಿಸ್ತೀನಿ. ಮೂರು ದಿನ ತಾನೇ?”

ಒಳ್ಳೆಯ ಮನಸ್ಸೇ. ತೋಳಿನಲ್ಲಿ ಶಕ್ತಿಯೂ ಇತ್ತು.

“ಜೋರಾಗಿ ತಿರುಗಿಸ್ಲಾ, ಮೆಲ್ಲಗಾ?” “ಈಗ ನಿಲ್ಸ್ಲಾ?” “ಪೂರ್ತಿ ನಿಲ್ಸ್ಲಾ, ಅರ್ಧನಾ?” “ಈ ಕಿಟಕಿ ಯಾಕೆ ಹೀಗಿದೆ?”

ಅಣ್ಣನ ರಕ್ತವೇ ಹರಿಯುತ್ತಿರುವ ತಂಗಿ ಎಂಬುದನ್ನು ಹೊಲಿಗೆಯಮ್ಮ ಮರೆತಿದ್ದಳು. ಅಣ್ಣನಾದರೂ ವಿಚಾರಣೆ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ದಣಿದವರು. ತಂಗಿ ಹೊಸಬಳು. ಶನಿವಾರ ಸಂಜೆಗೆ ಹತ್ತು ಪರದೆ ಮುಗಿದವು. ಯಜಮಾನರು ಒಂದು ತಿಂಗಳಲ್ಲಿ ಕೇಳುವಷ್ಟು ಪ್ರಶ್ನೆಗಳೂ ಮುಗಿದವು. ಬೆರಳೆತ್ತುವಂತಿಲ್ಲ, ಎತ್ತಿದರೆ ಚಕ್ರ ನಿಲ್ಲುತ್ತದೆ.

ಭಾನುವಾರ ಮಧ್ಯಾಹ್ನ, ಇಪ್ಪತ್ತೊಂದನೆಯ ಪರದೆಯ ಅಂಚಿನಲ್ಲಿ ಸೂಜಿ ಓಡುತ್ತಿದ್ದಾಗ ನಾದಿನಿ, ಚಕ್ರ ತಿರುಗಿಸುತ್ತಲೇ, ಫೋನು ನೋಡಿದಳು.

“ಅತ್ತಿಗೆ, ನಿಮ್ಮ ಚೀಲದ ಫೋಟೋ ಕಳಿಸಿದಾರೆ ಇವರು. ಗುಡ್ಡದ ಮೇಲಂತೆ. ನೆಂಟರೆಲ್ಲ ಹೊಗಳ್ತಿದಾರೆ. ನಮ್ಮನೆಯವರದು ಕಿತ್ತೇ ಹೋಯ್ತಂತೆ. ಅವರಿಗೂ ಇಂಥದ್ದೇ ಒಂದು ಹೊಲಿದು ಕೊಡ್ತೀರಾ? ಮುಂದಿನ ತಿಂಗಳು ಹದಿನೈದು ದಿನಕ್ಕೆ ಹೋಗ್ತಾರಂತೆ, ಅಣ್ಣಾನೂ ಬರ್ತಾನಂತೆ. ನೀವೇನೂ ಯೋಚ್ನೆ ಮಾಡ್ಬೇಡಿ. ಹದಿನೈದು ದಿನಾನೂ ನಾನು ಇಲ್ಲೇ ಬಂದಿರ್ತೀನಿ.”

ಹೊಲಿಗೆಯಮ್ಮ ತಲೆಯೆತ್ತಿದಳು. ಚಕ್ರ ನಿಂತಿರಲಿಲ್ಲ. ಪರದೆಯ ಅಂಚು ಮುಗಿದು, ಸೂಜಿ ಆಕೆಯ ಅಂಗಿಯ ತೋಳಿಗೆ ಹತ್ತಿ, ಒಂದು ಗೇಣು ಹೊಲಿಗೆಯಲ್ಲಿ ಆಕೆಯನ್ನೂ ಇಪ್ಪತ್ತೊಂದನೆಯ ಪರದೆಯನ್ನೂ ಒಂದು ಮಾಡಿ ಮುಂದೆ ಹೋಯಿತು. ಅಷ್ಟು ನೇರವಾದ ಹೊಲಿಗೆಯನ್ನು ಆಕೆ ತನ್ನ ಜನ್ಮದಲ್ಲಿ ಹಾಕಿರಲಿಲ್ಲ.

“ಇದು ಸರಿಯಾಯ್ತಾ ಅತ್ತಿಗೆ?” ಅಂದಳು ನಾದಿನಿ.