ಐವತ್ತು ದಿನದ ಹಡಗು

ಡರ್ಬನ್ನಿನಿಂದ ಬಂದ ಲೀಲಾ ಮಾದು ಎಂಬಾಕೆಯ ಮಡಿಲಲ್ಲಿ ಆ ರೇಷ್ಮೆ ಗಂಟು ಇಲ್ಲದಿದ್ದರೆ, ಹೆಮ್ಮರಗಾಲದ ಟೈಲರ್ ಮಂಟೇಸ್ವಾಮಿ ಅಂದೂ ತಣ್ಣಗೆ ಕಾಜಾ ಹೊಲಿಯುತ್ತ ಕೂತಿರುತ್ತಿದ್ದ.

ತೊಂಬತ್ತೆಂಟರ ಇಸವಿ. ಆಕೆಯ ಮುತ್ತಾತ ಮಾದು ನೂರಿಪ್ಪತ್ತು ವರ್ಷದ ಹಿಂದೆ ಈ ಊರು ಬಿಟ್ಟು, ಮದರಾಸಿನಲ್ಲಿ ಹಡಗು ಹತ್ತಿ ಆಫ್ರಿಕದ ಕಬ್ಬಿನ ಗದ್ದೆಗೆ ಹೋದವನು. ತನ್ನ ತಮ್ಮನ ವಂಶಕ್ಕೆ ಗಂಟು ತಲುಪಿಸಿ ಎಂದು ಹೇಳಿ ಸತ್ತಿದ್ದ.

ಆಫ್ರಿಕ ಎಂದರೆ ಚಿನ್ನದ ಗಣಿ. ಬೆಳಿಗ್ಗೆ ಇಪ್ಪತ್ತು ಮಂದಿ ವಂಶಸ್ಥರು ಹುಟ್ಟಿಕೊಂಡರು. ಮಧ್ಯಾಹ್ನಕ್ಕೆ ಮಂಟೇಸ್ವಾಮಿ ಮತ್ತು ಎದುರುಮನೆಯ ಮಾದಯ್ಯ ಇಬ್ಬರೇ ಉಳಿದರು.

“ಯಾವ ಹಡಗಲ್ಲಿ ಹೋದ್ರು ಅಂತ ಕೇಳ್ತಾವ್ರೆ ಕಣ್ರಯ್ಯ,” ಎಂದರು ಆಕೆಯ ಇಂಗ್ಲಿಷನ್ನು ಕನ್ನಡ ಮಾಡುತ್ತಿದ್ದ ಗೋವಿಂದಯ್ಯ ಮೇಷ್ಟ್ರು. “ಹಾಯಿಹಡಗಾದ್ರೆ ಐವತ್ತು ದಿನ. ಉಗಿಹಡಗು ಬಂದ್ಮೇಲೆ ಇಪ್ಪತ್ತೇ ದಿನ. ಆಮೇಲೇ ಜನ ಗುಂಪುಗುಂಪಾಗಿ ಹೊರಟಿದ್ದು.”

“ಉಗಿ ಅಡಗು ಸಾ,” ಎಂದ ಮಾದಯ್ಯ. “ಸುಕವಾಗಿ ಓದ್ರಂತೆ.”

ಲೀಲಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಮಂಟೇಸ್ವಾಮಿಗೆ ಗೆಲ್ಲುವ ದಾರಿ ಹೊಳೆಯಿತು.

“ಸುಳ್ಳು ಸಾ. ನಮ್ ಮಾದಜ್ಜ ಓಗಿದ್ದು ಆಯಿ ಅಡಗಲ್ಲಿ. ಗಾಳಿ ನಿಂತ್ರೆ ಅಡಗೂ ನಿಂತ್ಬುಡ್ತಿತ್ತು. ನೀರಿಲ್ಲ, ನಿದ್ದೆ ಇಲ್ಲ. ಐವತ್ ದಿನ ಸಾ, ಒಂದೂ ಕಮ್ಮಿ ಇಲ್ಲ.”

ಮೇಷ್ಟ್ರು ಅದನ್ನು ತಿಳಿಸಿದ್ದೇ ತಡ, ಲೀಲಾ ಅಳುತ್ತ “ಅಣ್ಣಾ” ಎಂದು ಗಂಟನ್ನು ಅವನ ಕೈಗಿಟ್ಟಳು. ಹೆಂಡತಿ ಪುಟ್ಟಮಾದಮ್ಮ ಟ್ರಂಕಿನಲ್ಲಿ ಜಾಗ ಮಾಡಲು ಒಳಗೆ ಓಡಿದಳು.

ಗಂಟಿನಲ್ಲಿ ಇದ್ದದ್ದು ಒಂದು ಹಳೇ ಪಂಚೆ, ಒಂದು ಕಾಗದ. ಮೇಷ್ಟ್ರು ಓದಿದರು: “ಸಮುದ್ರ ದಾಟಿ ಬದುಕಿದರೆ ನಂಜನಗೂಡಿನಲ್ಲಿ ಉರುಳುಸೇವೆ ಮಾಡುತ್ತೇನೆಂದು ಹರಕೆ ಹೊತ್ತಿದ್ದೆ. ಹಡಗಿನಲ್ಲಿ ಕಳೆದ ದಿನಕ್ಕೊಂದರಂತೆ ಗುಡಿಗೆ ಸುತ್ತು. ನನ್ನ ಕೈಲಿ ಬರಲಾಗಲಿಲ್ಲ. ತಮ್ಮನ ವಂಶದವನು ಈ ಪಂಚೆಯುಟ್ಟು ತೀರಿಸಬೇಕು.”

ಮಂಟೇಸ್ವಾಮಿ ಕೆಮ್ಮಿದ. “ಸಾ, ಈಗ ಗ್ಯಾಪಕ ಬತ್ತಾ ಅದೆ. ಅದು ಉಗಿ ಅಡಗೇ ಇರ್ಬೌದು.”

“ಅದೆಂಗಾಯ್ತದೆ?” ಎಂದ ಮಾದಯ್ಯ. “ಉಗಿ ಅಡಗಲ್ಲಿ ಓದ ಮಾದಜ್ಜ ನಮ್ಮೋನು. ಅದು ಸುಳ್ಳು ಅಂತ ನೀನೇ ಅಂದ್ಯಲ್ಲ.”

ಮರುದಿನದಿಂದಲೇ ಕಪಿಲೆಯಲ್ಲಿ ಮುಳುಗೆದ್ದು, ತಾನೇ ತೇಪೆ ಹಾಕಿದ ಒದ್ದೆ ಪಂಚೆಯಲ್ಲಿ ಮಂಟೇಸ್ವಾಮಿ ಗುಡಿಯ ಸುತ್ತ ಉರುಳಿದ. ಪಕ್ಕದಲ್ಲಿ ಲೀಲಾ ಭಕ್ತಿಯಿಂದ ಎಣಿಸುತ್ತ ನಡೆದಳು. ಮೂರನೆಯ ದಿನ ಇಪ್ಪತ್ತನೆಯ ಸುತ್ತು ಮುಗಿದಾಗ, ನೋಡಲು ಬಂದಿದ್ದ ಮಾದಯ್ಯ ಬಗ್ಗಿ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದ:

“ಉಗಿ ಅಡಗಾಗಿದ್ರೆ ಈಗ ಇಳ್ಕೊಬೋದಿತ್ತು ಕಣ್ಲಾ.”